ಬೀಜದ ಬಲ
ಬೆಳಕವಾಡಿಯ ಬಯಲಿಗೆ ಬೆಂಕಿರೋಗ ತಗುಲಿತೆನ್ನಿ. ಎಲ್ಲ ಗದ್ದೆಗಳಲ್ಲಿಯೂ ಒಂದೇ ತಳಿಯ ಬತ್ತವಿದ್ದು, ಅದಕ್ಕೆ ರೋಗವನ್ನು ತಡೆಯುವ ಶಕ್ತಿ ಇಲ್ಲದಿದ್ದರೆ ಬಯಲಿಗೆ ಬಯಲೇ ಸುಟ್ಟಂತಾಗುವುದು. ಹತ್ತು ತಳಿಗಳಿದ್ದರೆ ಎರಡಾದರೂ ನಿಂತಾವು. ಅವುಗಳ ಶಕ್ತಿ ಬೀಜದೊಡನೆ ಮುಂದಿನ ಬೆಳೆಗೆ ಇಳಿದೀತು. ೧೮೫೯ರಲ್ಲಿ ಡಾರ್ವಿನ್ ವಿವರಿಸಿದ ನಿಸರ್ಗದ ಆಯ್ಕೆಯ ಬಗೆ ಇದೇ. ಆದರೆ ನಿಸರ್ಗವು ಇದ್ದುದರಲ್ಲಿ ಆರಿಸಬಲ್ಲುದು. ಇಲ್ಲದುದನ್ನು ಬೇಡಿದೊಡನೆ ಕೊಡಲಾರದು. ರೋಗಾಣುವೂ ಸುಮ್ಮನಿರುವುದಿಲ್ಲ. ಇಂದು ತಡೆದು ನಿಂತ ತಳಿಯನ್ನು ನಾಳೆ ಮುರಿಯುವ ಬಗೆ ಅದರ ಸಂತತಿಯಲ್ಲಿ ಹುಟ್ಟಬಹುದು.

ಹೆಚ್ಚು ಇಳುವರಿಯ ತಳಿಗಳು ಹಸಿವನ್ನು ನೀಗಿದುವು, ನಿಜ. ಆದರೆ ರಾಜಮುಡಿ, ರತ್ನಚೂಡಿಗಳಂಥವು ಹಿಂದೆ ಸರಿದುವು. ಅದೇ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನರು ನೂರಾರು ನಾಡತಳಿಗಳನ್ನು ಬಿತ್ತಿ ಬೆಳೆದು ಉಳಿಸಿದ್ದಾರೆ. ಕಣಜದಲ್ಲಿಯೇ ಇಟ್ಟ ಬೀಜ ಕೆಲವೇ ವರ್ಷಗಳಲ್ಲಿ ಸತ್ತುಹೋಗುವುದು. ಅಂಗಡಿಯಲ್ಲಿ ಒಮ್ಮೆ ಹಳೆಯ ಅಕ್ಕಿಯ ಹೆಸರನ್ನು ಕೇಳಿ ನೋಡಿ. ಕೊಳ್ಳುವವರಿದ್ದರೆ ತಾನೆ ಬಿತ್ತುವವರು?