ಉಪ್ಪು ಬೆರೆತ ಧೂಳು

ಬೆಂಗಳೂರಿನಿಂದ ಚೆನ್ನೈಗೆ ಬಂದವರು ಮೊದಲು ಬೈಯುವುದು ಸೆಕೆಯನ್ನು, ಆಮೇಲೆ ನೀರನ್ನು. ಧೂಳಿನ ಬಗ್ಗೆ ಯಾರೂ ಅಷ್ಟಾಗಿ ದೂರುವುದಿಲ್ಲ. ಸಿಲ್ಕ್ ಬೋರ್ಡ್ ಧೂಳು ಕುಡಿದು ಬಂದವರಿಗೆ ಇದ್ಯಾವ ಲೆಕ್ಕ! ಆದರೆ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಈ ಎರಡೂ ಊರಿನ ಧೂಳು ಒಂದೇ ಅಲ್ಲ.

ಬೆಂಗಳೂರಿನದು ಒಣ ಧೂಳು, ಊದಿದರೆ ಹಾರುತ್ತದೆ. ಬೆಸೆಂಟ್ ನಗರ, ತಿರುವಾನ್ಮಿಯೂರಿನಂಥ ಕಡಲಂಚಿನ ಬಡಾವಣೆಗಳದ್ದು ಅಂಟಿಕೊಳ್ಳುತ್ತದೆ. ಮಧ್ಯಾಹ್ನ ಕಡಲ ಗಾಳಿ ಬಂತೆಂದು ಕಿಟಕಿ ತೆರೆಯುತ್ತೇವಲ್ಲ, ಅದು ತಂಪಿನ ಜೊತೆ ಉಪ್ಪಿನ ಕಣಗಳನ್ನೂ ತರುತ್ತದೆ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ಆ ತೇವವನ್ನು ಹೀರಿ ನೀರೊಡೆಯುತ್ತದೆ. ಅಡುಗೆಮನೆಯ ಕಲ್ಲುಪ್ಪಿನ ಜಾಡಿ ಇಣುಕಿದರೆ ಸಾಕು. ಇಲ್ಲಿ ಬೆಳಗಿನ ಜಾವ 75 ದಾಟುವುದು ವಿಶೇಷವೇನಲ್ಲ. ಮದರ್‌ಬೋರ್ಡ್ ಮೇಲೆ ಕೂತ ಧೂಳು ಈ ಉಪ್ಪುನೀರನ್ನು ಸ್ಪಂಜಿನಂತೆ ಹಿಡಿದಿಟ್ಟುಕೊಳ್ಳುತ್ತದೆ. ಆಗ ತಾಮ್ರ ಕಿಲುಬು ಹಿಡಿಯುತ್ತದೆ, ಹರಿಯಬಾರದ ಕಡೆ ಕರೆಂಟು ಹರಿಯುತ್ತದೆ.

ತಿರುವಾನ್ಮಿಯೂರಿನಲ್ಲಿ ಮಗಳ ಮನೆಯಲ್ಲಿರುವ ಧಾರವಾಡದ ಹಿರಿಯರೊಬ್ಬರು ನನಗೆ ಪರಿಚಯ. ಆರು ವರ್ಷದಿಂದ ತಮಿಳು ಕತೆಗಳನ್ನು ಕನ್ನಡಕ್ಕೆ ತರುತ್ತಿದ್ದಾರೆ, ಎಲ್ಲವೂ ನುಡಿಯಲ್ಲಿ ಟೈಪಿಸಿದ್ದು, ಎಲ್ಲವೂ ಒಂದೇ ಹಾರ್ಡ್ ಡಿಸ್ಕಿನಲ್ಲಿ. ಹೋದ ವರ್ಷ ಫೋನ್ ಮಾಡಿದರು: “ತಮ್ಮಾ, ಇದು ಅರ್ಧಾ ತಾಸಿಗೊಮ್ಮೆ ತಾನ ಬಂದ್ ಆಗ್ತದ. ಅಂಗಡಿಯಾಂವ ಹೊಸಾದು ತಗೋರಿ ಅಂತಾನ.”

ಹೋಗಿ ನೋಡಿದರೆ ಸಿಪಿಯು ಡಬ್ಬಿ ನೆಲದ ಮೇಲೆ, ಅದಕ್ಕೊಂದು ಹಳೇ ಸೀರೆಯ ಚೆಂದದ ಹೊದಿಕೆ. ಅಜ್ಜಿ ಕೈಯಾರೆ ಹೊಲಿದದ್ದು. ಧೂಳು ಕೂರಬಾರದೆಂದು ಕಂಪ್ಯೂಟರ್ ಓಡುವಾಗಲೂ ತೆಗೆಯುತ್ತಿರಲಿಲ್ಲ! ಬಿಸಿಗಾಳಿ ಹೊರಹೋಗುವ ದಾರಿಯೇ ಮುಚ್ಚಿತ್ತು. ಒಳಗೆ ಪ್ರೊಸೆಸರ್ ಫ್ಯಾನಿನ ಕೆಳಗೆ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಪ್ರೊಸೆಸರ್ ಅತಿಯಾಗಿ ಕಾದರೆ, ಹೆಚ್ಚಿನವುಗಳಲ್ಲಿ ಸುಮಾರು 100 ಡಿಗ್ರಿಯ ಆಸುಪಾಸು, ಸುಟ್ಟುಹೋಗದಿರಲೆಂದು ಯಂತ್ರ ತಾನಾಗಿ ಆರುತ್ತದೆ. ಅದನ್ನು ಕೆಟ್ಟಿದೆ ಎನ್ನುವುದು ಅಂಗಡಿಯವರಿಗೆ ಲಾಭ, ಅಷ್ಟೆ.

ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಕತೆಗಳನ್ನೆಲ್ಲ ಪೆನ್‌ಡ್ರೈವಿಗೆ ನಕಲಿಸಿಕೊಂಡೆ. ನೀವೂ ಹಾಗೇ ಮಾಡಿ. ಡಬ್ಬಿ ಹೋದರೆ ಇನ್ನೊಂದು ಬರುತ್ತದೆ. (ಹಳೆಯ ನುಡಿ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಮಾತು ಇನ್ನೊಂದು ಸಲ.) ಆಮೇಲೆ ಪ್ಲಗ್ ಕಿತ್ತು, ಉಳಿದ ಕರೆಂಟು ಇಳಿಯಲೆಂದು ಪವರ್ ಗುಂಡಿ ಒಮ್ಮೆ ಒತ್ತಿ, ಡಬ್ಬಿಯನ್ನು ಬಾಲ್ಕನಿಗೆ ಒಯ್ದೆವು. ಹಿಡಿಗಟ್ಟಿದ ಧೂಳನ್ನು ಮೆತ್ತನೆಯ ಬಣ್ಣದ ಬ್ರಶ್ಶಿನಿಂದ ಬಿಡಿಸಿ ಬ್ಲೋವರ್ ಹಿಡಿದೆ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದಿಡಬೇಕು, ಇಲ್ಲವಾದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರನ್ನು ಒಳಗೆ ತೂರಿಸಬೇಡಿ, ಸ್ಥಾಯಿ ವಿದ್ಯುತ್ತಿನ ಭಯವಿದೆ. ಪವರ್ ಸಪ್ಲೈ ಪೆಟ್ಟಿಗೆಯನ್ನಂತೂ ಬಿಚ್ಚಲೇಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಕರೆಂಟು ಉಳಿದಿರುತ್ತದೆ. ಬ್ಲೋವರ್ ಬೇಕಿದ್ದವರು ಮೌಂಟ್ ರೋಡ್ ಪಕ್ಕದ ರಿಚ್ಚಿ ಸ್ಟ್ರೀಟಿಗೆ ಹೋಗಿ. ನಮ್ಮ ಎಸ್.ಪಿ. ರೋಡಿನ ತಮ್ಮ ಅದು. ಚೌಕಾಸಿಗೆ ತಮಿಳು ನಾಲ್ಕು ಮಾತು ಬಂದರೆ ಒಳ್ಳೆಯದು.

ಹಿರಿಯರ ಯಂತ್ರ ಅವತ್ತಿನಿಂದ ಆರಿಲ್ಲ. ಡಬ್ಬಿ ಈಗ ಸ್ಟೂಲಿನ ಮೇಲಿದೆ, ಪೊರಕೆಯ ಧೂಳೂ ನೆಲ ಒರೆಸುವ ನೀರೂ ತಾಗದಷ್ಟು ಎತ್ತರದಲ್ಲಿ. ಅಜ್ಜಿಯ ಹೊದಿಕೆಯೂ ಇದೆ, ಯಂತ್ರ ಆರಿಸಿ ತಣ್ಣಗಾದ ಮೇಲೆ ಹೊದಿಸುತ್ತಾರೆ. ಹತ್ತಿ ಸೀರೆಯಾದದ್ದು ಒಳ್ಳೆಯದೇ ಆಯಿತು, ಅಂಗಡಿಯ ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಕೂಡಿಹಾಕುತ್ತದೆ.

ಚೆನ್ನೈಯಲ್ಲಿ ವರ್ಷಕ್ಕೆ ಎರಡು ಸಲ ಬಿಚ್ಚಿ ಶುಚಿ ಮಾಡಿದರೆ ಸಾಕು. ಒಂದು, ಜನವರಿಯಲ್ಲಿ ಪೊಂಗಲ್ ಮುಗಿದ ಮೇಲೆ. ಭೋಗಿಯ ದಿನ ಊರಿಗೆ ಊರೇ ಹಳೆಯ ಸಾಮಾನು ಸುಟ್ಟ ಮಸಿ ಕಿಟಕಿಯೊಳಗೆ ಬಂದಿರುತ್ತದೆ. ಇನ್ನೊಂದು, ಅಕ್ಟೋಬರಿನಲ್ಲಿ ಈಶಾನ್ಯ ಮಳೆ ಹಿಡಿಯುವ ಮುಂಚೆ. ಮಳೆಗಾಲದಲ್ಲಿ ಊರಿಗೆ ಹೋಗುವವರು ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು, ಗುಡುಗಿಲ್ಲದ ದಿನ ನೋಡಿ ಅರ್ಧ ಗಂಟೆ ಯಂತ್ರ ಓಡಿಸಲು ಹೇಳಿ. ಅದರ ಬಿಸಿಗೇ ಒಳಗಿನ ತೇವ ಆರುತ್ತದೆ.