ಬ್ರೆಡ್ಡಿಗೆ ಬೈಯಬೇಡಿ, ಅದರ ಹೊಟ್ಟೆ ತುಂಬಿಸಿ

ಬೆಳಗ್ಗೆ ಏಳು ಗಂಟೆಗೆ ಊರಿನ ಕಿರಾಣಿ ಅಂಗಡಿ ಮುಂದೆ ನಿಂತು ನೋಡಿ. ಹಾಲಿನ ಪಾಕೀಟಿನ ಜೊತೆಗೆ ಜನ ಒಯ್ಯುವುದು ಬ್ರೆಡ್ಡು, ಬನ್ನು, ಟೋಸ್ಟು. ಒಂದು ಕಾಲಕ್ಕೆ ನಮ್ಮ ಕಡೆ ಬ್ರೆಡ್ಡು ಅಂದರೆ ಜ್ವರ ಬಂದವರ ಊಟ. ದವಾಖಾನೆಗೆ ಯಾರನ್ನಾದರೂ ಮಾತಾಡಿಸಲು ಹೋದರೆ ಒಂದು ಬ್ರೆಡ್ಡು, ಅರ್ಧ ಡಜನ್ ಬಾಳೆಹಣ್ಣು ಕೈಯಲ್ಲಿ ಇರುತ್ತಿತ್ತು. ಈಗ ಅದು ಗಟ್ಟಿಮುಟ್ಟಾಗಿ ಇರುವವರ ನಾಷ್ಟಾ ಆಗಿದೆ.

ಇದನ್ನು ಕಂಡು ಹಿರಿಯರು ಬೈಯುತ್ತಾರೆ. "ರೊಟ್ಟಿ ತಿನ್ನೋ ಊರಾಗ ಇದೆಂಥಾ ಹತ್ತಿಯಂಥಾ ತಿನಿಸು" ಅನ್ನುತ್ತಾರೆ. ಅವರ ಮಾತಿನಲ್ಲಿ ಸತ್ಯ ಇದೆ. ಆದರೆ ನಾವು ಇವತ್ತು ಬೇರೆ ಮಾತು ಹೇಳಬೇಕು ಅಂತ ಇದ್ದೇವೆ. ಬ್ರೆಡ್ಡು ಊರಿಗೆ ಬಂದಾಗಿದೆ, ಬೈದರೆ ವಾಪಸ್ ಹೋಗುವುದಿಲ್ಲ. ಅದನ್ನು ಬರೀ ಚಹಾದಲ್ಲಿ ಅದ್ದಿ ತಿಂದು ಹೊಟ್ಟೆ ತುಂಬಿತು ಅಂದುಕೊಳ್ಳುವುದೇ ನಿಜವಾದ ತಪ್ಪು.

ಲೆಕ್ಕ ಹಾಕಿ ನೋಡೋಣ. ಎರಡು ಬ್ರೆಡ್ ತುಂಡಿನಲ್ಲಿ ಸಿಗುವ ಪ್ರೋಟೀನ್ ಸುಮಾರು 4ರಿಂದ 5 ಗ್ರಾಂ. ಮೇಲೆ ಜಾಮ್ ಸವರಿದರೆ ಸೇರುವುದು ಬಹುಪಾಲು ಸಕ್ಕರೆ. ಹತ್ತು ಗಂಟೆಗೆ ಶಾಲೆಯಲ್ಲಿ ಪಾಠ ಕೇಳುವ ಹುಡುಗನಿಗೆ ಹನ್ನೊಂದಕ್ಕೇ ಹಸಿವು. ಅದೇ ಎರಡು ತುಂಡಿನ ನಡುವೆ ಒಂದು ಹಿಡಿ ಹೆಸರುಕಾಳು, ಅಂದರೆ ಸುಮಾರು 30 ಗ್ರಾಂ ಒಣಕಾಳು ನೆನೆಸಿ ಮೊಳಕೆ ಬರಿಸಿ ಹಾಕಿದರೆ 7 ಗ್ರಾಂ ಸೇರುತ್ತದೆ. ಎರಡು ಚಮಚ ಶೇಂಗಾ ಹಿಂಡಿ ಹಾಕಿದರೆ ಇನ್ನೂ 4–5 ಗ್ರಾಂ. ಬ್ರೆಡ್ಡು ಅದೇ, ಆದರೆ ಈಗ ಅದು ಊಟ.

ಸ್ಯಾಂಡ್‌ವಿಚ್ ಅಂದರೆ ಪ್ಯಾಟೆ ಮಂದಿಯ ತಿನಿಸು ಅನ್ನುವ ಸಂಕೋಚ ಬೇಡ. ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿದ್ದ ಸ್ಯಾಂಡ್‌ವಿಚ್ ಅನ್ನುವ ಬಿರುದಿದ್ದ ಸರದಾರ ಜಾನ್ ಮಾಂಟೆಗುವಿನಿಂದ ಈ ಹೆಸರು ಬಂತು. ಕೂತ ಜಾಗ ಬಿಟ್ಟು ಏಳದೆ, ಒಂದೇ ಕೈಯಲ್ಲಿ ಹಿಡಿದು ತಿನ್ನಲು ಆಗುವ ಊಟ ಅವನಿಗೆ ಬೇಕಿತ್ತು ಅಂತ ಕಥೆ ಹೇಳುತ್ತಾರೆ. ಆ ಯುಕ್ತಿ ನಮಗೆ ಹೊಸದೇನೂ ಅಲ್ಲ. ಹೊಲದ ಬದುವಿನ ಮೇಲೆ ಕೂತು, ಅಂಗೈ ಮೇಲೆ ಜೋಳದ ರೊಟ್ಟಿ ಇಟ್ಟುಕೊಂಡು, ಅದರೊಳಗೆ ಪಲ್ಯ, ಹಿಂಡಿ, ಹಸಿ ಉಳ್ಳಾಗಡ್ಡಿ ಹಾಕಿ ಮಡಚಿ ತಿನ್ನುವವರಿಗೆ ಸ್ಯಾಂಡ್‌ವಿಚ್ ಯಾರೂ ಕಲಿಸಬೇಕಿಲ್ಲ.

ದುಡಿಯಲು ಮುಂಬೈಗೆ ಹೋಗಿ ಬಂದ ನಮ್ಮ ಕಡೆಯವರನ್ನು ಕೇಳಿ. ಅಲ್ಲಿ ರಸ್ತೆ ಬದಿಯಲ್ಲಿ ಸಿಗುವ ಸ್ಯಾಂಡ್‌ವಿಚ್ಚಿನಲ್ಲಿ ಕುದಿಸಿದ ಬಟಾಟೆ, ಬೀಟ್‌ರೂಟ್, ಸೌತೆಕಾಯಿ, ಟೊಮೆಟೊ, ಉಳ್ಳಾಗಡ್ಡಿ, ಕೊತ್ತಂಬರಿ ಚಟ್ನಿ ಇರುತ್ತದೆ. ನಮ್ಮ ತಾಲೂಕು ಊರುಗಳ ಅಯ್ಯಂಗಾರ್ ಬೇಕರಿಯಲ್ಲೂ ಬ್ರೆಡ್ಡಿನ ಮೇಲೆ ಉಳ್ಳಾಗಡ್ಡಿ, ಗಜ್ಜರಿ ಮಸಾಲೆ ಹಾಕಿ ಟೋಸ್ಟ್ ಮಾಡಿ ಕೊಡುತ್ತಾರೆ. ಅಂದರೆ ಬ್ರೆಡ್ಡು ಎಲ್ಲಿಗೆ ಹೋಯಿತೋ ಅಲ್ಲಿನ ಜನ ಅದರೊಳಗೆ ತಮ್ಮ ಊಟ ತುಂಬಿದ್ದಾರೆ. ನಾವು ಮಾತ್ರ ಜಾಮ್ ಹತ್ತಿರ ಯಾಕೆ ನಿಲ್ಲಬೇಕು?

ನಮ್ಮ ಮನೆಗಳಲ್ಲಿ ಮಾಡಿ ತಿಂದ ಎರಡು ಬಗೆ ಹೇಳುತ್ತೇವೆ.

ಮೊದಲನೆಯದು ಕಾಳಿನದು. ಹಿಂದಿನ ದಿನ ಬೆಳಗ್ಗೆ ಹೆಸರುಕಾಳು ನೆನೆಹಾಕಿ, ರಾತ್ರಿ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿ ಇಡಿ. ಮರುದಿನ ಬೆಳಗ್ಗೆ ಮೊಳಕೆ ಇರುತ್ತದೆ. ಅದನ್ನು ಐದಾರು ನಿಮಿಷ ಹಬೆಯಲ್ಲಿ ಬೇಯಿಸಿ. ಒಂದು ಕುದಿಸಿದ ಬಟಾಟೆ ಕಿವುಚಿ ಅದಕ್ಕೆ ಸೇರಿಸಿ. ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಚಿಟಿಕೆ ಅರಿಶಿನ, ಉಪ್ಪು, ಅರ್ಧ ನಿಂಬೆಹಣ್ಣಿನ ರಸ ಹಾಕಿ ಕಲಸಿ. ನೀರು ಇರಬಾರದು, ಇದ್ದರೆ ಬ್ರೆಡ್ಡು ಮೆತ್ತಗಾಗಿ ಹರಿಯುತ್ತದೆ. ಬ್ರೆಡ್ಡಿನ ಒಳಬದಿಗೆ ಗಟ್ಟಿ ಮೊಸರಿನಲ್ಲಿ ಕಲಸಿದ ಶೇಂಗಾ ಹಿಂಡಿ ಸವರಿ, ಮೇಲೆ ಕಾಳು ದಪ್ಪಗೆ ಹರಡಿ, ಇನ್ನೊಂದು ತುಂಡು ಮುಚ್ಚಿ.

ಎರಡನೆಯದು ಝುಣಕದ್ದು. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಬೆಳ್ಳುಳ್ಳಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಒಗ್ಗರಣೆ ಕೊಟ್ಟು ಅರಿಶಿನ, ಉಪ್ಪು ಹಾಕಿ. ಒಂದು ಬಟ್ಟಲು ಕಡಲೆಹಿಟ್ಟನ್ನು ಎರಡು ಬಟ್ಟಲು ನೀರಿನಲ್ಲಿ ಗಂಟಿಲ್ಲದೆ ಕಲಸಿ ಸುರಿಯಿರಿ. ಕೈಬಿಡದೆ ತಿರುವಿ, ಗಟ್ಟಿಯಾಗಿ ತಳ ಬಿಟ್ಟ ಮೇಲೆ ಎಣ್ಣೆ ಸವರಿದ ತಾಟಿಗೆ ಹಾಕಿ ತಟ್ಟಿ. ಆರಿದ ಮೇಲೆ ಬ್ರೆಡ್ಡಿನ ಅಳತೆಗೆ ಕೊಯ್ಯಿರಿ. ಒಂದು ವಡಿ, ಎರಡು ಸೌತೆಕಾಯಿ ಹೋಳು, ನಾಲ್ಕು ಎಲೆ ಹಸಿ ಮೆಂತ್ಯೆ. ಇದನ್ನು ತಿಂದು ಹೊಲಕ್ಕೆ ಹೋದರೆ ಮಧ್ಯಾಹ್ನದವರೆಗೆ ಚಿಂತೆ ಇಲ್ಲ.

ಟೋಸ್ಟ್ ಮಾಡಲು ಮಷೀನು ಬೇಡ. ರೊಟ್ಟಿ ಹಂಚಿಗೆ ಒಂದು ಹನಿ ಎಣ್ಣೆ ಸವರಿ, ಸಣ್ಣ ಉರಿಯಲ್ಲಿ ಇಟ್ಟು, ಮೇಲೆ ತಾಟು ಮುಚ್ಚಿ ನೀರು ತುಂಬಿದ ತಂಬಿಗೆ ಇಡಿ. ಆ ಭಾರಕ್ಕೆ ಎರಡು ಬದಿಯೂ ಗರಿಗರಿ ಆಗುತ್ತವೆ.

ಬ್ರೆಡ್ಡು ಕೊಳ್ಳುವಾಗ ಎರಡು ಕಡೆ ಕಣ್ಣು ಇರಲಿ. ಒಂದು, ಪಾಕೀಟಿನ ಮೇಲಿನ ತಾರೀಖು. ಬೂಸಲು ಕಂಡರೆ ಆ ತುಂಡು ಮಾತ್ರ ತೆಗೆದು ಉಳಿದದ್ದು ತಿನ್ನಬೇಡಿ, ಇಡೀ ಪಾಕೀಟು ಎಸೆಯಿರಿ. ಎರಡು, ಏನೇನು ಹಾಕಿದ್ದಾರೆ ಅನ್ನುವ ಪಟ್ಟಿ. ಹೆಚ್ಚು ಇರುವ ಪದಾರ್ಥವನ್ನೇ ಅದರಲ್ಲಿ ಮೊದಲು ಬರೆಯಬೇಕು ಅಂತ ನಿಯಮ ಇದೆ. ಬಣ್ಣ ಕಂದು ಇದ್ದರೂ ಮೊದಲ ಹೆಸರು ಮೈದಾ ಇದ್ದರೆ ಅದು ಮೈದಾ ಬ್ರೆಡ್ಡೇ.

"ಇಷ್ಟೆಲ್ಲ ಯಾಕೆ, ರೊಟ್ಟಿಯನ್ನೇ ತಿಂದರಾಯಿತಲ್ಲ?" ಅಂತ ನೀವು ಕೇಳಬಹುದು. ರೊಟ್ಟಿ ಇರುವ ಮನೆಯಲ್ಲಿ ರೊಟ್ಟಿಯೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಮೇಲೆ ಹೇಳಿದ ಕಾಳು, ಝುಣಕ ಎರಡೂ ರೊಟ್ಟಿಯೊಳಗೂ ಚೆನ್ನಾಗಿರುತ್ತವೆ. ಆದರೆ ಆ ರೊಟ್ಟಿ ಬಡಿಯುವವರು ಯಾರು? ಸುಗ್ಗಿಯ ದಿನಗಳಲ್ಲಿ ಐದಕ್ಕೆ ಎದ್ದು, ಬುಟ್ಟಿ ತುಂಬ ರೊಟ್ಟಿ ಬಡಿದು, ಎಲ್ಲರಿಗೂ ಬಡಿಸಿ, ಬುತ್ತಿ ಕಟ್ಟಿ, ತಾನು ಬರೀ ಚಹಾ ಕುಡಿದು ಕೂಲಿಗೆ ಹೋಗುವವಳು ಅವ್ವ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಒಂದು ಸ್ಯಾಂಡ್‌ವಿಚ್ಚಿನಿಂದ ಅದು ಹೋಗುವುದಿಲ್ಲ. ಆದರೆ ಖಾಲಿ ಹೊಟ್ಟೆಯ ಚಹಾಕ್ಕಿಂತ ನಿಂಬೆ ಹಿಂಡಿದ ಕಾಳು ಖಂಡಿತ ಒಳ್ಳೆಯದು. ಕಾಳಿನಲ್ಲಿರುವ ಕಬ್ಬಿಣದ ಅಂಶವನ್ನು ಮೈ ಹೀರಿಕೊಳ್ಳಲು ನಿಂಬೆ ನೆರವಾಗುತ್ತದೆ, ಚಹಾ ಅಡ್ಡ ಬರುತ್ತದೆ. ಹಾಗಾಗಿ ತಿಂದು ಒಂದು ತಾಸು ಬಿಟ್ಟು ಚಹಾ ಕುಡಿಯಿರಿ.

ಇಲ್ಲಿ ನಮ್ಮದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ನಮ್ಮ ಗುಂಪಿನ ಗಂಡುಮಕ್ಕಳು ಓದಲು ಪಟ್ಟಣಕ್ಕೆ ಹೋದಾಗ ರೂಮಿನಲ್ಲಿ ಬ್ರೆಡ್ಡು ಸುಟ್ಟುಕೊಂಡು, ಬಟಾಟೆ ಕುದಿಸಿಕೊಂಡು ತಿಂದವರೇ. ರಜೆಗೆ ಊರಿಗೆ ಬಂದ ತಕ್ಷಣ ಅದೆಲ್ಲ ಮರೆತು "ಅವ್ವಾ, ನಾಷ್ಟಾ ಏನು?" ಅಂತ ಅಡುಗೆಮನೆ ಬಾಗಿಲಿಗೆ ನಿಲ್ಲುತ್ತಿದ್ದೆವು. ನಮ್ಮ ಗುಂಪಿನ ಹೆಣ್ಣುಮಕ್ಕಳಿಗೆ ಆ ರಜೆ ಇರಲಿಲ್ಲ. ಅವರು ರೂಮಿನಲ್ಲೂ ಮಾಡಿದರು, ಊರಿಗೆ ಬಂದೂ ಮಾಡಿದರು. ಈ ಮಾತು ನಮ್ಮ ನಡುವೆಯೇ ಜಗಳವಾಗಿ ಬಂತು, ಆಮೇಲೆ ಈ ಬರಹವಾಯಿತು.

ರೊಟ್ಟಿ ಬಡಿಯಲು ವರ್ಷಗಟ್ಟಲೆ ಕೈ ಪಳಗಬೇಕು, ನಿಜ. ಸ್ಯಾಂಡ್‌ವಿಚ್ಚಿಗೆ ಅಂಥ ನೆಪ ಹೇಳಲು ಬರುವುದಿಲ್ಲ. ಟ್ರ್ಯಾಕ್ಟರ್ ಬಿಚ್ಚಿ ಜೋಡಿಸುವ ಕೈಗೆ ಎರಡು ಬ್ರೆಡ್ಡಿನ ನಡುವೆ ಕಾಳು ತುಂಬಲು ಬಾರದೇ? ಏಳನೇ ತರಗತಿಯ ತಮ್ಮನೂ ಕಲಿಯಬಹುದು, ಎಪ್ಪತ್ತರ ಮುತ್ಯಾನೂ ಕಲಿಯಬಹುದು.

ಆದ್ದರಿಂದ ನಮ್ಮ ಕೋರಿಕೆ ಇಷ್ಟೇ. ವಾರದಲ್ಲಿ ಒಂದು ದಿನ, ಶುರುವಿಗೆ ರವಿವಾರವೇ ಇರಲಿ, ಬೆಳಗಿನ ನಾಷ್ಟಾ ಮನೆಯ ಗಂಡಸರು ಮಾಡಲಿ. ಶನಿವಾರ ಬೆಳಗ್ಗೆ ಕಾಳು ನೆನೆಹಾಕುವುದರಿಂದ ಹಿಡಿದು ಕೊನೆಗೆ ಹಂಚು ತೊಳೆಯುವುದರವರೆಗೆ ಎಲ್ಲವೂ ಅವರದೇ. ಮೊದಲ ಸ್ಯಾಂಡ್‌ವಿಚ್ ಬಿಸಿ ಇರುವಾಗಲೇ ಅವ್ವನ ಕೈಗೆ ಕೊಡಿ. ಆಕೆ ಕೂತು ತಿನ್ನಲಿ.