ಬಚ್ಚಿಟ್ಟದ್ದೆಲ್ಲ ಭದ್ರವಲ್ಲ

ಕಳೆದ ಬೇಸಿಗೆಯಲ್ಲಿ ಡೆಟ್ರಾಯಿಟ್‌ನ ಉಪನಗರವೊಂದರಲ್ಲಿ ಕನ್ನಡಿಗ ಮಿತ್ರರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟವಾದ ಮೇಲೆ ಅವರು ಹಜಾರದ ಗೋಡೆಗೆ ಜೋಡಿಸಿದ್ದ ಮರದ ಶೆಲ್ಫೊಂದನ್ನು ಹೆಮ್ಮೆಯಿಂದ ತೋರಿಸಿದರು. ಮೇಲೆ ಗಣಪತಿಯ ವಿಗ್ರಹ, ಎರಡು ಹೂದಾನಿ. ಫ್ರಿಜ್ಜಿನ ಬಾಗಿಲಿನಲ್ಲಿ ಮೈಸೂರು ಅರಮನೆಯ ಚಿತ್ರದ ಪಕ್ಕದಲ್ಲಿ ಅಂಟಿಸಿದ್ದ ಅಯಸ್ಕಾಂತವೊಂದನ್ನು ತಂದು ಶೆಲ್ಫಿನ ಅಡಿಗೆ ಹಿಡಿದರು. ತಳಭಾಗ ಕೆಳಗೆ ವಾಲಿತು. ಒಳಗೆ ಗುಂಡು ತುಂಬಿದ ಪಿಸ್ತೂಲು. “ಇಲ್ಲಿ ಇದು ಇದೆಯೆಂದು ಯಾರಿಗೂ ತಿಳಿಯುವುದಿಲ್ಲ ನೋಡಿ” ಎಂದರು. ಆ ಹೊತ್ತಿಗೆ ಆರೇಳು ಮಕ್ಕಳು ಅದೇ ಹಜಾರದಲ್ಲಿ ಕಣ್ಣಾಮುಚ್ಚಾಲೆ ಆಡುತ್ತಿದ್ದರು. ನಾನು ಏನೂ ಹೇಳಲಿಲ್ಲ. ಅಂದಿನ ಮೌನಕ್ಕೆ ಈ ಬರಹ ಪ್ರಾಯಶ್ಚಿತ್ತ.

ಗುಪ್ತ ಖಾನೆಯುಳ್ಳ ಕಾಫಿ ಮೇಜು, ಗಡಿಯಾರ, ಕನ್ನಡಿ, ಪುಸ್ತಕದ ಕಪಾಟು – ಇವನ್ನು ಮಾರುವುದಾಗಲಿ ಕೊಳ್ಳುವುದಾಗಲಿ ಅಮೆರಿಕದಲ್ಲಿ ಸಾಮಾನ್ಯವಾಗಿ ಅಪರಾಧವಲ್ಲ. ಪಿಸ್ತೂಲು ಮಾರುವ ಪರವಾನಗಿದಾರ ವ್ಯಾಪಾರಿ ಅದರೊಂದಿಗೆ ಬೀಗವನ್ನೋ ಭದ್ರ ಪೆಟ್ಟಿಗೆಯನ್ನೋ ಒದಗಿಸಬೇಕೆಂದು 2005ರ ಫೆಡರಲ್ ಕಾನೂನು ಹೇಳುತ್ತದೆ; ಕೊಂಡವನು ಅದನ್ನು ಬಳಸಲೇಬೇಕೆಂದು ಹೇಳುವುದಿಲ್ಲ. ಆ ಹೊಣೆಯನ್ನು ಹೊರಿಸಿರುವುದು ಕೆಲವು ರಾಜ್ಯಗಳು ಮಾತ್ರ. ಅಪ್ರಾಪ್ತ ವಯಸ್ಕರು ಇರುವ, ಅಥವಾ ಬರುವ ಸಂಭವವಿರುವ ಕಡೆ ಬಂದೂಕನ್ನು ಬೀಗದ ಪೆಟ್ಟಿಗೆಯಲ್ಲಿಡಬೇಕು, ಇಲ್ಲವೇ ಗುಂಡು ತೆಗೆದು ಬೀಗ ಹಾಕಿಡಬೇಕು ಎಂಬ ಕಾನೂನು ಮಿಷಿಗನ್‌ನಲ್ಲಿ 2024ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಗೃಹಪ್ರವೇಶಕ್ಕೆ ಬಂದ ಅತಿಥಿಗಳ ಮಕ್ಕಳೂ ಈ ಮಾತಿನ ವ್ಯಾಪ್ತಿಯೊಳಗೇ ಇದ್ದಾರೆ.

ಹಾಗಾದರೆ ಫ್ರಿಜ್ಜಿನ ಮೇಲಿನ ಅಯಸ್ಕಾಂತಕ್ಕೆ ತೆರೆದುಕೊಳ್ಳುವ ಚಿಲಕವನ್ನು ಬೀಗವೆನ್ನಬಹುದೇ? ಮಸಾಚುಸೆಟ್ಸ್‌ನ ಮೇಲ್ಮನವಿ ನ್ಯಾಯಾಲಯ 2005ರಲ್ಲಿ ಇಂಥದೇ ಪ್ರಶ್ನೆಯನ್ನು ಎದುರಿಸಿತ್ತು. ಕೂದಲಿನ ಪಿನ್ನಿನಿಂದ ಸುಲಭವಾಗಿ ತೆರೆಯಬಹುದಾದ ಕೋಣೆಯ ಬೀಗ, ಬಂದೂಕನ್ನು ಭದ್ರವಾಗಿಟ್ಟಿದ್ದಕ್ಕೆ ಸಮನಲ್ಲ ಎಂದು ಅದು ತೀರ್ಪಿತ್ತಿತು. ಪಿನ್ನಿಗೆ ಅನ್ವಯಿಸಿದ ತರ್ಕ ಅಯಸ್ಕಾಂತಕ್ಕೂ ಅನ್ವಯಿಸಬೇಕು.

ಇಲ್ಲಿ ಬಂದೂಕುಪ್ರಿಯರು ಸಂವಿಧಾನವನ್ನು ಮುಂದೊಡ್ಡುತ್ತಾರೆ. ಆತ್ಮರಕ್ಷಣೆಗಾಗಿ ಮನೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2008ರ ಹೆಲ್ಲರ್ ಪ್ರಕರಣದಲ್ಲಿ ಎತ್ತಿಹಿಡಿದದ್ದು ನಿಜ. ಆದರೆ ಅಪಘಾತಗಳನ್ನು ತಡೆಯಲೆಂದು ಬಂದೂಕಿನ ಸಂಗ್ರಹವನ್ನು ನಿಯಂತ್ರಿಸುವ ಕಾನೂನುಗಳನ್ನು ತನ್ನ ವಿಶ್ಲೇಷಣೆ ಅಸಿಂಧುಗೊಳಿಸುವುದಿಲ್ಲ ಎಂಬ ಮಾತೂ ಅದೇ ಬಹುಮತದ ತೀರ್ಪಿನಲ್ಲಿದೆ. ಅರ್ಧ ತೀರ್ಪನ್ನು ಓದಿ ಪೂರ್ಣ ಹಕ್ಕು ಕೇಳುವುದು ಅಪ್ರಾಮಾಣಿಕತೆ.

ಕಾನೂನು ಒತ್ತಟ್ಟಿಗಿರಲಿ, ಬಚ್ಚಿಟ್ಟದ್ದು ನಿಜಕ್ಕೂ ಮಕ್ಕಳಿಗೆ ಸಿಗುವುದಿಲ್ಲವೇ? 2001ರಲ್ಲಿ ಪ್ರಕಟವಾದ ಅಟ್ಲಾಂಟಾದ ಅಧ್ಯಯನವೊಂದರಲ್ಲಿ 8ರಿಂದ 12 ವರ್ಷದ ಹುಡುಗರನ್ನು ಪುಟ್ಟ ಗುಂಪುಗಳಾಗಿ ಒಂದು ಕೋಣೆಯಲ್ಲಿ ಬಿಟ್ಟರು. ಡ್ರಾಯರಿನಲ್ಲಿ ಗುಂಡಿಲ್ಲದ ನಿಜವಾದ ಪಿಸ್ತೂಲೊಂದನ್ನು ಅಡಗಿಸಿಟ್ಟಿದ್ದರು. 29 ಗುಂಪುಗಳಲ್ಲಿ 21 ಅದನ್ನು ಪತ್ತೆಹಚ್ಚಿದವು, 16 ಕೈಗೆತ್ತಿಕೊಂಡವು, ಅವುಗಳಲ್ಲಿ 10 ಗುಂಪುಗಳಲ್ಲಿ ಒಬ್ಬನಾದರೂ ಕುದುರೆ ಎಳೆದ. 2006ರ ಅಲಬಾಮಾದ ಅಧ್ಯಯನ ಇನ್ನಷ್ಟು ಕಣ್ತೆರೆಸುವಂಥದು. ಬಂದೂಕು ಇರುವ ಜಾಗ ತಮ್ಮ ಮಕ್ಕಳಿಗೆ ಗೊತ್ತಿಲ್ಲವೆಂದ ತಂದೆತಾಯಂದಿರಲ್ಲಿ ಶೇ. 39ರಷ್ಟು ಮಂದಿಯ ಮಾತನ್ನು ಸ್ವತಃ ಅವರ ಮಕ್ಕಳೇ ಸುಳ್ಳಾಗಿಸಿದರು. ಮನೆಯ ಗುಟ್ಟು ಮಕ್ಕಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಕಿರಿಯರಷ್ಟೇ ಅಲ್ಲ, ಹದಿಹರೆಯದವರನ್ನೂ ನೆನೆಯಬೇಕು. ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಅಂಕಪಟ್ಟಿಯ ಒತ್ತಡದಲ್ಲಿ, ಎರಡು ಸಂಸ್ಕೃತಿಗಳ ನಡುವೆ ಬೆಳೆಯುವ ನಮ್ಮ ಮಕ್ಕಳ ಖಿನ್ನತೆಯನ್ನು ನಾವು ಮನೆಯೊಳಗೇ ಮುಚ್ಚಿಡುತ್ತೇವೆ. ಅದೇ ಮನೆಯಲ್ಲಿ ತುಂಬಿದ ಪಿಸ್ತೂಲನ್ನೂ ಬಚ್ಚಿಡುವುದು ಎಂಥ ವಿವೇಕ?

ಭಯವೇ ಸುಳ್ಳು ಎಂದು ನಾನು ಹೇಳುತ್ತಿಲ್ಲ. 2017ರಲ್ಲಿ ಕ್ಯಾನ್ಸಸ್‌ನ ಒಲೇತಾದಲ್ಲಿ ಜನಾಂಗದ್ವೇಷಿಯೊಬ್ಬ ಶ್ರೀನಿವಾಸ ಕೂಚಿಭೋಟ್ಲ ಅವರನ್ನು ಕೊಂದಾಗ ನಮ್ಮೆಲ್ಲರ ಎದೆ ನಡುಗಿತ್ತು. ಆದರೆ ಅವರು ಹತರಾದದ್ದು ಬಾರೊಂದರಲ್ಲಿ. ಹಜಾರದ ಶೆಲ್ಫಿನ ಪಿಸ್ತೂಲು ಅಂಥ ದ್ವೇಷಕ್ಕೆ ಉತ್ತರವಾಗಲಾರದು. ಡೆಟ್ರಾಯಿಟ್‌ನ ಉತ್ತರಕ್ಕಿರುವ ಆಕ್ಸ್‌ಫರ್ಡ್‌ನಲ್ಲಿ 2021ರ ನವೆಂಬರ್ 30ರಂದು 15 ವರ್ಷದ ವಿದ್ಯಾರ್ಥಿಯೊಬ್ಬ ತನ್ನ ಶಾಲೆಯಲ್ಲಿ ನಾಲ್ವರನ್ನು ಕೊಂದ. ಆ ಪಿಸ್ತೂಲು ಬಂದದ್ದು ಮನೆಯಿಂದ. ಅವನ ತಂದೆತಾಯಿಗೆ 2024ರಲ್ಲಿ ತಲಾ 10ರಿಂದ 15 ವರ್ಷಗಳ ಸೆರೆವಾಸವಾಯಿತು. ಬಂದೂಕನ್ನು ಭದ್ರವಾಗಿಡಲಿಲ್ಲವೆಂಬುದು ಅವರ ಮೇಲಿದ್ದ ಮುಖ್ಯ ಆಪಾದನೆಗಳಲ್ಲೊಂದು.

ಬಂದೂಕು ಇಟ್ಟುಕೊಳ್ಳಲೇಬೇಕೆನ್ನುವವರಿಗೆ ದಾರಿಯಿದೆ. ಅಂಕಿಗಳನ್ನು ಒತ್ತಿದರೆ ಅಥವಾ ಬೆರಳಚ್ಚು ಗುರುತಿಸಿದರೆ ತೆರೆಯುವ ಉಕ್ಕಿನ ಪೆಟ್ಟಿಗೆಗಳಿವೆ. ಅದಕ್ಕೆ ತಗಲುವುದು ಕೆಲವೇ ಸೆಕೆಂಡು. ಅದನ್ನು ಗೋಡೆಗೆ ಬಿಗಿದು, ಬೇಕಿದ್ದರೆ ಮುಂದೆ ಗಣಪತಿಯನ್ನು ಕೂರಿಸಲಿ. ಶಾಸನಸಭೆಗಳು ಮಾಡಬೇಕಾದ ಕೆಲಸವೂ ಸ್ಪಷ್ಟ: ಬಂದೂಕಿನ ಸಂಗ್ರಹಕ್ಕೆಂದು ಮಾರುವ ಪ್ರತಿಯೊಂದು ಪೀಠೋಪಕರಣಕ್ಕೂ ನಿಜವಾದ ಬೀಗವನ್ನು ಕಡ್ಡಾಯಗೊಳಿಸಬೇಕು, ಅದರ ಬಲವನ್ನು ಪರೀಕ್ಷಿಸುವ ಮಾನದಂಡವನ್ನು ವಿಧಿಸಬೇಕು.

ನಮ್ಮ ಕೈಯಲ್ಲಿರುವುದು ಇನ್ನೂ ಸರಳ. ಮಕ್ಕಳನ್ನು ಇನ್ನೊಬ್ಬರ ಮನೆಗೆ ಕಳಿಸುವಾಗ ನೆಲಗಡಲೆ ಅಲರ್ಜಿಯ ಬಗ್ಗೆ ಸಂಕೋಚವಿಲ್ಲದೆ ಹೇಳುತ್ತೇವೆ. “ನಿಮ್ಮ ಮನೆಯಲ್ಲಿ ಬಂದೂಕು ಇದೆಯೇ? ಬೀಗ ಹಾಕಿದ್ದೀರಾ?” ಎಂದು ಕೇಳಲು ಮಾತ್ರ ನಮಗೆ ದಾಕ್ಷಿಣ್ಯ. ಆ ದಾಕ್ಷಿಣ್ಯವನ್ನು ಮೊದಲು ಬಿಡೋಣ. ಈ ಬರಹವನ್ನು ಪ್ರಕಟಣೆಗೆ ಕಳಿಸುವ ಮುನ್ನ ಆ ಮಿತ್ರರಿಗೆ ಫೋನ್ ಮಾಡಿ ಕೇಳಿದೆ. ಅವರಿಗೆ ಸಿಟ್ಟು ಬಂತು. ಬರಲಿ, ಮತ್ತೆ ಕೇಳುತ್ತೇನೆ.